ಇಲಿ ಕಡಿದ ಒಂದು ವೈರಿಗೆ ಇಡೀ ಕಿಟ್ ಯಾಕೆ?

ಜರ್ಮನ್ ಕಾರು ನಮ್ಮ ಸೀಮೆಗೆ ಆಗಿಬರುವುದಿಲ್ಲ ಎಂಬ ಮಾತು ಸಾಣಾಪುರದ ಕಟ್ಟೆಯ ಮೇಲೆ ಕೂತರೆ ಆಗಾಗ ಕಿವಿಗೆ ಬೀಳುತ್ತದೆ. ‘ಕೊಳ್ಳಾಕ ಅಗ್ಗ, ಸಾಕಾಕ ಆನಿ’ ಅನ್ನುತ್ತಾರೆ. ಹಳೆಯ ಪೋಲೊ ಕಾರು ಇಟ್ಟುಕೊಂಡಿರುವ ನನ್ನನ್ನಂತೂ ಈ ಮಾತು ಮದುವೆ ಮನೆಯಲ್ಲಿ, ಗದ್ದೆಯ ಬದುವಿನ ಮೇಲೆ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲಿಯೂ ಬಿಟ್ಟಿಲ್ಲ. ನನ್ನ ಅಭಿಪ್ರಾಯ ಬೇರೆ. ಕಾರು ಗಟ್ಟಿಯಾಗಿದೆ, ನಮ್ಮ ಗಂಗಾವತಿಯ ಮೇಸ್ತ್ರಿಗಳ ಕೈಯೂ ಗಟ್ಟಿಯಾಗಿದೆ. ನಡುವೆ ಬಿದ್ದಿರುವ ಬೀಗ ಮಾತ್ರ ಬೇರೆಯವರದು. ರಿಪೇರಿಯ ಮಾಹಿತಿ, ವೈರಿಂಗ್ ನಕ್ಷೆ, ಸಾಫ್ಟ್‌ವೇರ್, ಅಸಲಿ ಬಿಡಿಭಾಗ ಎಲ್ಲವೂ ಆ ಬೀಗದ ಆಚೆಗಿವೆ. ಅದನ್ನು ಕಾನೂನಿನಿಂದಲೇ ತೆಗೆಸಬೇಕು.

ನಾನು ಗಂಗಾವತಿಯ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಮನೆ ಸಾಣಾಪುರದಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಮನೆತನದ ಭತ್ತದ ಗದ್ದೆ ಇದೆ. ನನ್ನದು 2015ರ ಡೀಸೆಲ್ ಪೋಲೊ, ಒಂದೂವರೆ ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್. ಬೆಂಗಳೂರಿನಲ್ಲಿದ್ದ ನಮ್ಮ ಬಳಗದವರೊಬ್ಬರು ಪರದೇಶಕ್ಕೆ ಹೊರಟಾಗ ಕೊಟ್ಟು ಹೋದದ್ದು. ಹೆಸರಿಗೆ ಜರ್ಮನ್ ಆದರೂ ಅದು ಹುಟ್ಟಿದ್ದು ಪುಣೆ ಹತ್ತಿರದ ಚಾಕಣ್‌ನಲ್ಲಿ. ಫೋಕ್ಸ್‌ವ್ಯಾಗನ್ ಅಲ್ಲಿ 2009ರಲ್ಲಿ ಕಾರ್ಖಾನೆ ತೆರೆಯಿತು, 2010ರಲ್ಲಿ ಪೋಲೊ ನಮ್ಮ ದೇಶದ ರಸ್ತೆಗೆ ಬಂತು, 2022ರಲ್ಲಿ ತಯಾರಿಕೆ ನಿಂತಿತು. ಅಂದರೆ ಈಗ ರಸ್ತೆಯ ಮೇಲಿರುವ ಪ್ರತಿಯೊಂದು ಪೋಲೊ ಕೂಡ ರಿಪೇರಿಯಿಂದಲೇ ಬಾಳಬೇಕಾದ ಕಾರು. ಹೊಸದು ಬರುವುದಿಲ್ಲ.

ಸಣ್ಣ ಕಾರೇ ಬೇಕಿದ್ದರೆ ಊರ ಗ್ಯಾರೇಜಿಗೆ ಪಳಗಿದ ಬೇರೆ ಕಾರುಗಳಿದ್ದವು. ಆದರೂ ಇದನ್ನೇ ಇಟ್ಟುಕೊಂಡದ್ದಕ್ಕೆ ಕಾರಣವಿದೆ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಮಾರಾಟವಾಗುವ ಐದು ಸಣ್ಣ ಕಾರುಗಳನ್ನು ಗುದ್ದಿಸಿ ಪರೀಕ್ಷೆ ಮಾಡಿ ಫಲಿತಾಂಶ ಪ್ರಕಟಿಸಿತು. ಐದಕ್ಕೂ ಸೊನ್ನೆ ನಕ್ಷತ್ರ. ಏರ್‌ಬ್ಯಾಗ್ ಇಲ್ಲದ ಪೋಲೊ ಕೂಡ ಆ ಸೊನ್ನೆಯ ಸಾಲಿನಲ್ಲೇ ಇತ್ತು. ಎರಡು ಏರ್‌ಬ್ಯಾಗ್ ಇದ್ದ ಪೋಲೊಗೆ ಮಾತ್ರ ದೊಡ್ಡವರ ರಕ್ಷಣೆಯಲ್ಲಿ ನಾಲ್ಕು ನಕ್ಷತ್ರ ಸಿಕ್ಕಿತು. ಕಂಪನಿ ಏರ್‌ಬ್ಯಾಗ್ ಇಲ್ಲದ ಕಾರಿನ ಮಾರಾಟವನ್ನೇ ನಿಲ್ಲಿಸಿತು. ಕಾರಿನ ಗೂಡು ಗಟ್ಟಿಯಾಗಿತ್ತು, ಅದಕ್ಕೆ ತಕ್ಕ ಗಾಳಿಚೀಲ ಕೊಡುವುದಕ್ಕೆ ಮಾತ್ರ ಕೈ ಹಿಡಿತವಾಗಿತ್ತು ಎಂಬುದು ಅವತ್ತು ಲೋಕಕ್ಕೆಲ್ಲ ಗೊತ್ತಾಯಿತು. ಸುಗ್ಗಿಯ ರಾತ್ರಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ನಿಂತ ಭತ್ತದ ಟ್ರಾಲಿಗಳ ನಡುವೆ ಗಾಡಿ ಓಡಿಸುವವಳಿಗೆ ಇದು ಸಣ್ಣ ವಿಷಯವಲ್ಲ.

ಡೀಸೆಲ್ ಹಗರಣದ ಮಾತನ್ನೂ ಇಲ್ಲೇ ಹೇಳಿಬಿಡಬೇಕು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್‌ನ ಹೊಗೆ ಪರೀಕ್ಷೆಯ ಮೋಸ ಬಯಲಾಯಿತು. ಆ ವರ್ಷದ ಕೊನೆಯಲ್ಲಿ ಭಾರತದಲ್ಲೂ ತನ್ನ ಬಳಗದ ಮೂರು ಲಕ್ಷದ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಡೀಸೆಲ್ ಕಾರುಗಳನ್ನು ವಾಪಸ್ ಕರೆದು ಸಾಫ್ಟ್‌ವೇರ್ ತಿದ್ದುವುದಾಗಿ ಕಂಪನಿ ಪ್ರಕಟಿಸಿತು. 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ ಅಲ್ಲಿ ದಂಡ ವಸೂಲಿಗೆ ತಡೆ ಸಿಕ್ಕಿತು. ಈ ಕಥೆಯಿಂದ ನಾನು ಕಲಿತದ್ದು ಒಂದು. ಕಾರಿನ ಸಾಫ್ಟ್‌ವೇರಿನಲ್ಲಿ ಏನಿದೆ ಎಂಬುದು ಕಂಪನಿಗೊಂದೇ ಗೊತ್ತಿದ್ದರೆ ಕೊಂಡವರಿಗೂ ಕತ್ತಲೆ, ಸರ್ಕಾರಕ್ಕೂ ಕತ್ತಲೆ. ರಿಪೇರಿಯ ಮಾತಿಗೂ ಅದೇ ಲೆಕ್ಕ.

ಇನ್ನು ನಮ್ಮ ರಸ್ತೆಗೆ ಬರುತ್ತೇನೆ. ಹುಲಿಗಿ ಕಡೆಯಿಂದ ಬಂದು ಸಾಣಾಪುರ ದಾಟಿ ಆನೆಗೊಂದಿ, ಗಂಗಾವತಿಗೆ ಹೋಗುವ ಹಾದಿಯಲ್ಲಿ ಎರಡೂ ಕಡೆ ಬಂಡೆಗಳ ಗುಡ್ಡ, ನಡುವೆ ಹಸಿರು ಗದ್ದೆ. ನಮ್ಮೂರ ಕೆರೆಯಲ್ಲಿ ತೆಪ್ಪ ಹತ್ತುವುದಕ್ಕೆ ಬರುವ ಪ್ರವಾಸಿಗರಿಗೆ ಇದಕ್ಕಿಂತ ಚೆಂದದ ದಾರಿ ಇಲ್ಲ. ಓಡಾಡುವ ಕಾರಿಗೆ ಮಾತ್ರ ಕಷ್ಟ. ಕೆಸರು ಹದ ಮಾಡಲು ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಕೇಜ್ ವೀಲ್ ಬಿಚ್ಚದೆ ರಸ್ತೆಗೆ ಹತ್ತಿಸುತ್ತಾರೆ. ಒಂದು ಹಂಗಾಮಿಗೇ ಡಾಂಬರು ಎದ್ದು ಹೋಗುತ್ತದೆ. ಪೋಲೊ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ ಸುಮಾರು 165 ಮಿಲಿಮೀಟರ್. ತುಂಬಿದ ಕಾರಾದರೆ ಇನ್ನೂ ಕಡಿಮೆ. ಎಂಜಿನ್ ಆಯಿಲ್ ಇರುವ ಚೇಂಬರು ಆ ಹೊಟ್ಟೆಯ ತಳಕ್ಕೇ ಇದೆ. ಅದಕ್ಕೆ ಕಲ್ಲು ಬಡಿದರೆ ಆಯಿಲ್ ಸೋರಿ ಎಂಜಿನ್ನೇ ಸುಡುತ್ತದೆ. ಹಾಗಾಗಿ ಈ ಭಾಗದಲ್ಲಿ ಈ ಕಾರು ಇಟ್ಟುಕೊಂಡವರು ಮೊದಲು ಮಾಡಿಸಬೇಕಾದ ಕೆಲಸ ಉಕ್ಕಿನ ಚೇಂಬರ್ ಗಾರ್ಡ್. ಗಂಗಾವತಿಯ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ತೆಗೆದು ಮಾಡಿಕೊಡುತ್ತಾರೆ, ಆಯಿಲ್ ತೆಗೆಯಲು ತೂತು ಬಿಡಲು ಹೇಳಿದರೆ ಆಯಿತು.

ಸುಗ್ಗಿಯಲ್ಲಿ ರಸ್ತೆಯ ಅರ್ಧಕ್ಕೆ ಭತ್ತ ಹರವಿರುತ್ತಾರೆ. ನಾವೂ ಹರವಿದವರೇ, ಒಕ್ಕಣೆಯ ಕಣಗಳೆಲ್ಲ ಮಾಯವಾಗಿರುವಾಗ ರೈತ ಎಲ್ಲಿಗೆ ಹೋಗಬೇಕು? ಆದರೆ ಹುಲ್ಲು ಹಾಕುವುದು ಬೇರೆ ವಿಷಯ. ಒಣಹುಲ್ಲು ತಗ್ಗು ಕಾರಿನ ತಳಕ್ಕೆ ಸಿಕ್ಕಿಕೊಂಡು ಕಾದ ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿ ಹೊತ್ತುತ್ತದೆ; ರಸ್ತೆ ಮೇಲೆ ಹರವಿದ ಹುರುಳಿ ಸಿಪ್ಪೆಯಿಂದ ಕಾರು ಸುಟ್ಟು ಹೋದ ಸುದ್ದಿ ಹಳೇ ಮೈಸೂರು ಕಡೆಯಿಂದ ಬರುತ್ತಲೇ ಇರುತ್ತದೆ. ಹುಲ್ಲಿನ ಮೇಲೆ ಹಾಯ್ದ ದಿನ ಮನೆಗೆ ಬಂದ ಮೇಲೆ ಬಗ್ಗಿ ಒಮ್ಮೆ ತಳ ನೋಡಬೇಕು.

ಮೇಂಟೆನೆನ್ಸ್ ಅಂದ ಕೂಡಲೇ ಜನ ಹೆದರುತ್ತಾರೆ. ಹೆದರುವಂಥದ್ದು ಬಹಳ ಇಲ್ಲ, ಲಕ್ಷ್ಯ ಕೊಡುವಂಥದ್ದು ಇದೆ. ಆಯಿಲ್ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಫೋಕ್ಸ್‌ವ್ಯಾಗನ್ ಒಪ್ಪಿಗೆಯ ಸಂಖ್ಯೆ ಅಚ್ಚಾಗಿರುತ್ತದೆ. ಕಾರಿನ ಕೈಪಿಡಿಯಲ್ಲಿ ಬರೆದ ಸಂಖ್ಯೆಯೂ ಅದೂ ಒಂದೇ ಆಗಿದ್ದರೆ ಸಾಕು, ಡಬ್ಬಿಯ ಮೇಲಿನ ಬಣ್ಣದ ಚಿತ್ರ ನೋಡಬೇಕಿಲ್ಲ. ಕಂಪನಿ ಹೇಳುವುದು 15,000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ ಸರ್ವಿಸ್. ಕಂಬೈನ್ ಯಂತ್ರಗಳು ಗದ್ದೆಗಿಳಿಯುವ ಹೊತ್ತಿನಲ್ಲಿ ಇಲ್ಲಿನ ಗಾಳಿಯೆಲ್ಲ ಹೊಟ್ಟಿನ ಧೂಳು. ಏರ್ ಫಿಲ್ಟರ್ ಡಬ್ಬಿ ತೆಗೆದರೆ ಒಳಗೆ ಹೊಟ್ಟು ಉದುರುತ್ತದೆ. ಅದಕ್ಕೆ ನಾನು ಕಿಲೋಮೀಟರ್ ಲೆಕ್ಕ ಬಿಟ್ಟು ಸುಗ್ಗಿಯ ಲೆಕ್ಕ ಹಿಡಿದಿದ್ದೇನೆ. ಸುಗ್ಗಿ ಮುಗಿದ ಮೇಲೆ ಏರ್ ಫಿಲ್ಟರ್ ಬದಲು, ಅದರ ಜೊತೆಗೇ ಆಯಿಲ್.

ರೇಡಿಯೇಟರಿಗೆ ಬೋರಿನ ನೀರು ಹಾಕಕೂಡದು. ನಮ್ಮ ಬೋರಿನ ನೀರು ಕುದಿಸಿದ ಪಾತ್ರೆಯ ತಳ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಅದೇ ಬಿಳಿ ಪದರ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕೂರುತ್ತದೆ. ಕಂಪನಿ ಹೇಳಿದ ಗುಲಾಬಿ ಬಣ್ಣದ ಕೂಲೆಂಟಿಗೆ ಬ್ಯಾಟರಿ ನೀರನ್ನೇ ಬೆರೆಸಬೇಕು. ಹಸಿರು ಬಣ್ಣದ್ದು ಅಂಗಡಿಯಲ್ಲಿ ಸಿಗುತ್ತದೆ ಎಂದು ಅದರೊಳಗೆ ಸುರಿಯಬಾರದು.

ಟೈಮಿಂಗ್ ಬೆಲ್ಟ್ ವಿಷಯ ನನ್ನ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ. ಪಿಸ್ಟನ್ ಮೇಲ್ತುದಿಗೆ ಬರುವ ಹೊತ್ತಿಗೆ ವಾಲ್ವುಗಳು ಅದರ ದಾರಿಯಿಂದ ಸರಿದಿರಬೇಕು. ಈ ತಾಳ ತಪ್ಪದಂತೆ ಕಾಯುವುದು ಹಲ್ಲಿನ ಒಂದು ರಬ್ಬರ್ ಬೆಲ್ಟು. ಓಡುವಾಗ ಅದು ಕಡಿದರೆ ತೆರೆದ ವಾಲ್ವಿಗೆ ಪಿಸ್ಟನ್ ಗುದ್ದಿ ವಾಲ್ವುಗಳು ಬಾಗುತ್ತವೆ, ಇಡೀ ಹೆಡ್ ಇಳಿಸಬೇಕಾಗುತ್ತದೆ. ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಹಾಗಾಗಿ ಬೆಲ್ಟು, ಟೆನ್ಷನರು, ನೀರಿನ ಪಂಪು ಮೂರನ್ನೂ ಒಂದೇ ಸಲ ಬದಲಾಯಿಸಬೇಕು. ಹಳೆಯ ಪೋಲೊ ಕೊಳ್ಳುವವರು ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಬೆಲ್ಟು ಯಾವಾಗ ಹಾಕಿಸಿದ್ದು ಎಂಬುದೇ. ಬಿಲ್ಲು ತೋರಿಸದಿದ್ದರೆ ಆ ಖರ್ಚು ಬೆಲೆಯಲ್ಲಿ ಕಳೆದು ಮಾತಾಡಿ.

ಪಂಕ್ಚರಿನದೂ ಒಂದು ಮಾತಿದೆ. ನಮ್ಮಲ್ಲಿ ಹೆಚ್ಚಿನ ಸಣ್ಣ ಕಾರುಗಳ ಚಕ್ರಕ್ಕೆ ಹಬ್ಬಿನಿಂದಲೇ ಕಂಬಿ ಹೊರಬಂದಿರುತ್ತದೆ, ಅದಕ್ಕೆ ಚಕ್ರ ನೇತುಹಾಕಿ ನಟ್ಟು ಬಿಗಿಯುತ್ತಾರೆ. ಪೋಲೊಗೆ ನಟ್ಟಿಲ್ಲ, ಐದು ಬೋಲ್ಟುಗಳಿವೆ. ಬೋಲ್ಟು ತೆಗೆದರೆ ಚಕ್ರಕ್ಕೆ ಆಸರೆ ತಪ್ಪುತ್ತದೆ. ಆನೆಗೊಂದಿ ರಸ್ತೆಯ ಪಂಕ್ಚರ್ ಅಂಗಡಿಯ ಹುಡುಗ ಮೊದಲ ಸಲ ಅದನ್ನು ನೋಡಿ, ಎರಡೂ ಪಾದದ ಮೇಲೆ ಚಕ್ರ ಕೂರಿಸಿಕೊಂಡು, ಕಾಲ್ಬೆರಳಿನಿಂದಲೇ ಎತ್ತಿ ತೂತಿಗೆ ತೂತು ಹೊಂದಿಸಿ, ಮೊದಲ ಬೋಲ್ಟನ್ನು ಪಾನಾ ಹಚ್ಚದೆ ಕೈಯಲ್ಲೇ ತಿರುವಿದ. ‘ಕೈಯಾಗ ಹೋದ್ರ ಹಲ್ಲು ಸರಿ ಕುಂತಂಗ್ರಿ ಮೇಡಮ್ಮಾರ, ಪಾನಾ ಆಮ್ಯಾಲೆ’ ಎಂದ. ಜರ್ಮನಿಯ ಕೈಪಿಡಿಯಲ್ಲೂ ಬೋಲ್ಟನ್ನು ಮೊದಲು ಕೈಯಲ್ಲೇ ಹಾಕಬೇಕು ಎಂದಿದೆ. ಅವನು ಓದಿದವನಲ್ಲ.

ಇಂಥ ಕೈಗಳಿರುವ ಊರಿನಲ್ಲಿ ನನ್ನ ಕಾರು ತಿಂಗಳುಗಟ್ಟಲೆ ನಿಲ್ಲುವ ಪರಿಸ್ಥಿತಿ ಬಂದದ್ದು ಒಂದು ಇಲಿಯಿಂದ. ಕೊಯ್ಲು ಮುಗಿದ ಮೇಲೆ ಗದ್ದೆಯ ಇಲಿಗಳು ಮನೆ ಕಡೆ ಬರುವುದು ಇಲ್ಲಿ ಎಲ್ಲರಿಗೂ ಗೊತ್ತು. ಬಿಸಿ ಎಂಜಿನ್ನಿನ ಮೇಲೆ ಹುಲ್ಲು ತಂದು ಗೂಡು ಕಟ್ಟಿ, ಹಲ್ಲಿಗೆ ಸಿಕ್ಕ ವೈರು ಕಡಿದು ಹೋಗುತ್ತವೆ. ಒಂದು ಬೆಳಿಗ್ಗೆ ಕಾರು ಶುರುವಾಯಿತು, ಆದರೆ ಮೈಯೆಲ್ಲ ನಡುಗುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಸ್ಪ್ರಿಂಗಿನಾಕಾರದ ಹಳದಿ ದೀಪ ಮಿಟುಕುತ್ತಿತ್ತು. ನಾಲ್ಕರಲ್ಲಿ ಮೂರೇ ಸಿಲಿಂಡರ್ ಕೆಲಸ ಮಾಡುತ್ತಿವೆ ಎಂಬುದು ಶಬ್ದದಲ್ಲೇ ತಿಳಿಯಿತು.

ದೂರದ ನಗರವೊಂದರ ಸರ್ವಿಸ್ ಸೆಂಟರಿಗೆ ಗಾಡಿಯ ಮೇಲೆ ಹೇರಿಸಿ ಕಳಿಸಿದೆ. ಅಲ್ಲಿಂದ ಬಂದ ಉತ್ತರ: ಎಂಜಿನ್ನಿನ ವೈರಿಂಗ್ ಕಿಟ್ ಪೂರ್ತಿ ಬದಲಿಸಬೇಕು, ಕಿಟ್ ಸ್ಟಾಕಿನಲ್ಲಿ ಇಲ್ಲ, ಯಾವಾಗ ಬರುತ್ತದೆಂದು ಹೇಳಲಾಗದು. ಅಂದಾಜು ಪಟ್ಟಿಯ ಮೊತ್ತ ನನ್ನ ತಿಂಗಳ ಸಂಬಳ ಮೀರಿತ್ತು. ವೈರು ಜೋಡಿಸಿ ಕೊಡಿ ಎಂದರೆ, ‘ಆ ಪದ್ಧತಿ ನಮ್ಮಲ್ಲಿಲ್ಲ’ ಎಂದರು. ಅವರ ನಿಯಮ ಅವರಿಗಿರಬಹುದು. ಕಾರು ನನ್ನದು, ವಾಪಸ್ ತರಿಸಿದೆ.

ಗಂಗಾವತಿಯ ನಮ್ಮ ಮೇಸ್ತ್ರಿ ತಮ್ಮ ಎಲ್ಲ ಕಂಪನಿಗೂ ಹೊಂದುವ ಸ್ಕ್ಯಾನರ್ ಹಚ್ಚಿದರು. ಎರಡನೇ ಇಂಜೆಕ್ಟರಿನ ವಿದ್ಯುತ್ ಸಂಪರ್ಕ ಕಡಿದಿದೆ ಎಂದು ಅದು ತೋರಿಸಿತು. ಅಲ್ಲಿಂದ ಮುಂದೆ ಎಲೆಕ್ಟ್ರಿಷಿಯನ್ನರ ಕೆಲಸ. ವೈರುಗಳ ಕಂತೆ ಎಂಜಿನ್ನಿನ ಹಿಂದೆ ಕೈ ಹೋಗದ ಜಾಗದಲ್ಲಿ ಹಾದುಹೋಗಿದೆ. ಯಾವ ಬಣ್ಣದ ವೈರು ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆ ಅವರ ಹತ್ತಿರ ಇರಲಿಲ್ಲ, ಇರಲು ದಾರಿಯೂ ಇರಲಿಲ್ಲ. ಮೊಬೈಲಿನಲ್ಲಿ ಕೇರಳದ ಯಾರೋ ಮಾಡಿದ ವಿಡಿಯೊ ಹಾಕಿಕೊಂಡರು. ಮಲಯಾಳಂ ಅವರಿಗೆ ಬರುವುದಿಲ್ಲ. ‘ಮಾತು ಬ್ಯಾಡ್ರಿ, ಅವರ ಕೈ ಎಲ್ಲಿ ಹೊಕ್ಕೈತಿ ನೋಡಿದ್ರ ಸಾಕು’ ಎಂದು ಹೇಳಿ, ನಿಲ್ಲಿಸಿ ನಿಲ್ಲಿಸಿ ನೋಡಿದರು. ಆಮೇಲೆ ಮಲ್ಟಿಮೀಟರಿನ ಒಂದು ಮುಳ್ಳನ್ನು ಕಂತೆಯ ಈ ತುದಿಗೆ, ಇನ್ನೊಂದನ್ನು ಆ ತುದಿಗೆ ಮುಟ್ಟಿಸುತ್ತ ಪ್ರತಿಯೊಂದು ವೈರನ್ನೂ ತಡವಿದರು. ಸದ್ದು ಬರದ ವೈರು ಸಿಕ್ಕಿತು. ಟೇಪು ಬಿಡಿಸಿದರೆ ಒಳಗೆ ಹಲ್ಲಿನ ಗುರುತು. ತಾಮ್ರ ಕೆರೆದು, ಹೊಸ ತುಂಡು ಸೇರಿಸಿ ಬೆಸುಗೆ ಹಾಕಿ, ಕೊಳವೆ ಏರಿಸಿ ಬಿಸಿ ಮಾಡಿ ಬಿಗಿದು, ಮೇಲೆ ಬಟ್ಟೆ ಟೇಪ್ ಸುತ್ತಿ, ಅದರ ಮೇಲೆ ಸುಕ್ಕಿನ ಪೈಪ್ ತೊಡಿಸಿದರು. ಮಧ್ಯಾಹ್ನದ ನಮಾಜಿಗೆ ಎದ್ದು ಹೋದದ್ದು ಬಿಟ್ಟರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅವರು ಬಗ್ಗಿಯೇ ಇದ್ದರು. ಕಾರು ಅವತ್ತೇ ನಾಲ್ಕು ಸಿಲಿಂಡರಿನಲ್ಲಿ ಮನೆಗೆ ಬಂತು. ಆ ಜೋಡಣೆ ಇವತ್ತಿಗೂ ಅಲ್ಲೇ ಇದೆ.

ನಕ್ಷೆ ಕೈಯಲ್ಲಿದ್ದಿದ್ದರೆ ಅದು ಒಂದು ಗಂಟೆಯ ಕೆಲಸ ಎಂದು ಅವರೇ ಹೇಳಿದರು. ನನಗೆ ಸಿಟ್ಟು ತರಿಸುವುದು ಇದು. ಆ ನಕ್ಷೆ ರಹಸ್ಯವೇನಲ್ಲ. ಯುರೋಪಿನಲ್ಲಿ 2007ರ ಕಾನೂನಿನಿಂದ ಮೊದಲುಗೊಂಡು ಕಾರು ಕಂಪನಿಗಳು ರಿಪೇರಿ ಮತ್ತು ನಿರ್ವಹಣೆಯ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ಕೊಡಲೇಬೇಕು. ಫೋಕ್ಸ್‌ವ್ಯಾಗನ್ ಇದಕ್ಕೆಂದೇ ಎರ್‌ವಿನ್ ಎಂಬ ಜಾಲತಾಣ ನಡೆಸುತ್ತದೆ; ಶುಲ್ಕ ಕಟ್ಟಿದ ಗ್ಯಾರೇಜಿನವರಿಗೆ ಕೈಪಿಡಿಯೂ ವೈರಿಂಗ್ ನಕ್ಷೆಯೂ ಸಿಗುತ್ತವೆ. ಜರ್ಮನಿಯ ಒಂದು ಸಣ್ಣ ಊರಿನ ಮೇಸ್ತ್ರಿಗೆ ಹಕ್ಕಿನಿಂದ ಸಿಗುವುದು ಗಂಗಾವತಿಯ ಮೇಸ್ತ್ರಿಗೆ ಯಾಕೆ ಸಿಗಬಾರದು?

ನಮ್ಮ ದೇಶದಲ್ಲಿ ಇದನ್ನು ಯಾರೂ ಕೇಳಿಲ್ಲ ಎಂದಲ್ಲ. 2011ರಲ್ಲಿ ಒಬ್ಬ ಗ್ರಾಹಕರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಹೋಂಡಾ, ಫೋಕ್ಸ್‌ವ್ಯಾಗನ್, ಫಿಯೆಟ್ ಕಂಪನಿಗಳು ಬಿಡಿಭಾಗಗಳನ್ನೂ ರಿಪೇರಿ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿವೆ ಎಂಬುದು ದೂರು. ವಿಚಾರಣೆ ಬೆಳೆಯಿತು. 2014ರ ಆಗಸ್ಟ್ 25ರಂದು ಆಯೋಗ ಹದಿನಾಲ್ಕು ಕಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ದೇಶಿ ಕಂಪನಿಗಳೂ ಆ ಪಟ್ಟಿಯಲ್ಲಿದ್ದವು. ಇದು ಜರ್ಮನ್ನರೊಬ್ಬರ ಚಾಳಿಯಲ್ಲ. ಬಿಡಿಭಾಗ ಮುಕ್ತ ಮಾರುಕಟ್ಟೆಗೆ ಬಿಡಿ, ದೋಷ ಪತ್ತೆಯ ಉಪಕರಣ ಹೊರಗಿನ ಗ್ಯಾರೇಜುಗಳಿಗೂ ಸಿಗಲಿ, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡಬೇಡಿ ಎಂಬುದು ಆ ಆದೇಶದ ತಿರುಳು. ಕಂಪನಿಗಳು ಕೆಲವು ಮೇಲ್ಮನವಿಗೆ, ಕೆಲವು ಹೈಕೋರ್ಟಿಗೆ ಹೋದವು. ವರ್ಷಗಳು ಕೋರ್ಟಿನಲ್ಲೇ ಕಳೆದವು.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರಿಪೇರಿ ಹಕ್ಕು’ ಕುರಿತು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಈ ನಾಲ್ಕು ಕ್ಷೇತ್ರ ಆರಿಸಿಕೊಂಡಿತು. ಅದೇ ವರ್ಷದ ಡಿಸೆಂಬರ್ 24ರ ಗ್ರಾಹಕ ದಿನದಂದು ಒಂದು ಪೋರ್ಟಲ್ ಕೂಡ ಬಂತು. ಒಳ್ಳೆಯ ಹೆಜ್ಜೆ, ನಾನು ಮೆಚ್ಚುತ್ತೇನೆ. ಆದರೆ ಪೋರ್ಟಲ್ ಅಂದರೆ ಕಾನೂನಲ್ಲ. ಕಂಪನಿ ಇಷ್ಟವಿದ್ದಷ್ಟು ಹಾಕಿದರೆ ಅದು ಉಪಕಾರ, ಹಾಕಲೇಬೇಕಾದರೆ ಮಾತ್ರ ಅದು ನಮ್ಮ ಹಕ್ಕು. ನಮ್ಮ ಕಡೆ ಟ್ರ್ಯಾಕ್ಟರೂ ಕಂಬೈನೂ ಈಗ ಕಂಪ್ಯೂಟರಿನಿಂದ ಓಡುತ್ತಿವೆ. ಕೊಯ್ಲಿನ ವಾರದಲ್ಲಿ ಒಂದು ಸೆನ್ಸರ್ ಕೆಟ್ಟು ಕಂಬೈನ್ ನಿಂತರೆ ಭತ್ತ ಮಳೆಗೆ ಸಿಗುತ್ತದೆ. ಪೋಲೊ ನನ್ನ ಹೆಗಲ ಮೇಲಿನ ಸಮಸ್ಯೆ, ಕಂಬೈನ್ ಇಡೀ ತಾಲ್ಲೂಕಿನದು. ಬೀಗ ಒಂದೇ.

ಜರ್ಮನ್ ಯಂತ್ರ ನಮಗೆ ಒಗ್ಗುವುದಿಲ್ಲ ಎನ್ನುವವರಿಗೆ ನಾನು ನೆನಪಿಸುವುದು ಮೈಕೋ ಪಂಪು. ಜರ್ಮನಿಯ ಬಾಷ್ ಕಂಪನಿಯ ಜೊತೆಗೂಡಿ 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾಯಿತು. ಆಡುಗೋಡಿಯ ಆ ಕಾರ್ಖಾನೆಯ ಮೈಕೋ ಹೆಸರಿನ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪು ಊರೂರಿಗೆ ಬಂದವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಆಯಿತು, ರೈತರ ಬಾಯಲ್ಲಿ ಮಾತ್ರ ಅದು ಮೈಕೋ. ಲಾರಿಗೂ ಟ್ರ್ಯಾಕ್ಟರಿಗೂ ಹಚ್ಚಿದ ಆ ಪಂಪನ್ನು ಜರ್ಮನ್ ಎಂದು ಯಾರೂ ಹೆದರಲಿಲ್ಲ. ಬಿಚ್ಚುವ ವಿದ್ಯೆ ಗೊತ್ತಿತ್ತು, ಅದರ ಪ್ಲಂಜರು, ನಾಝಲ್ಲು ಅಂಗಡಿಯಲ್ಲಿ ಸಿಗುತ್ತಿದ್ದವು, ಅಳತೆ ಹಿಡಿದು ಸರಿಮಾಡುವ ಪಂಪ್ ಟೆಸ್ಟಿಂಗ್ ಯಂತ್ರ ಇಟ್ಟ ಅಂಗಡಿಗಳು ಸಣ್ಣ ಪಟ್ಟಣಗಳಲ್ಲೂ ಎದ್ದವು. ಯಂತ್ರ ಯಾವ ದೇಶದ್ದಾದರೂ ರಿಪೇರಿಯ ವಿದ್ಯೆ ಅದರ ಜೊತೆಗೇ ಬಂದರೆ ಅದು ನಮ್ಮದೇ ಆಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಇಷ್ಟು ದೊಡ್ಡ ಸಾಕ್ಷಿ ಇದೆ.

ರಿಪೇರಿ ಬಲ್ಲವರ ಬೆಲೆ ಏನೆಂದು ತುಂಗಭದ್ರೆಯ ದಂಡೆಯ ಜನಕ್ಕೆ ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದಾಗ ಎಡದಂಡೆಯ ಕೆಳಗಿನ ನಾವೆಲ್ಲ ನಿದ್ದೆಗೆಟ್ಟು ಕೂತಿದ್ದೆವು. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಇಳಿಸಿ ನೀರು ಉಳಿಸಿದರು. ಅದರ ಮುಂದಾಳಾಗಿದ್ದ ಕನ್ನಯ್ಯ ನಾಯ್ಡು ಅವರು ಗೇಟುಗಳ ಕೆಲಸದಲ್ಲೇ ಜೀವಮಾನ ಕಳೆದ ನಿವೃತ್ತ ತಜ್ಞರು. ಅವತ್ತು ಆ ವಿದ್ಯೆ ಅವರ ಕೈಯಲ್ಲಿರದೇ ಹೋಗಿದ್ದರೆ ಆ ಹಂಗಾಮಿನ ನಾಟಿಯ ಗತಿ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಎದೆ ನಡುಗುತ್ತದೆ.

ಕಾನೂನಿನ ಜೊತೆಗೆ ಕಲಿಕೆಯೂ ಬೇಕು. ನಮ್ಮ ರಾಜ್ಯದಲ್ಲಿ ಕರ್ನಾಟಕ ಜರ್ಮನ್ ತಾಂತ್ರಿಕ ತರಬೇತಿ ಸಂಸ್ಥೆ ಎಂದೇ ಒಂದು ಸರ್ಕಾರಿ ಸಂಸ್ಥೆಯಿದೆ. ಅದರ ಒಂದು ಕೇಂದ್ರ ಕಲಬುರಗಿಯಲ್ಲಿದೆ, ನಮ್ಮದೇ ಕಲ್ಯಾಣ ಕರ್ನಾಟಕದಲ್ಲಿ. ಹೊಸ ಹುಡುಗರಿಗೆ ಕಲಿಸುವುದು ಸರಿ. ಆದರೆ ಇಪ್ಪತ್ತು ವರ್ಷದಿಂದ ಪಾನಾ ಹಿಡಿದಿರುವ, ಅಂಗಡಿ ಮುಚ್ಚಿದರೆ ಅವತ್ತಿನ ಊಟ ತಪ್ಪುವ ಗಂಗಾವತಿ, ಕಾರಟಗಿ, ಕುಷ್ಟಗಿ, ಯಲಬುರ್ಗಾದ ಮೇಸ್ತ್ರಿ ಕಲಬುರಗಿಗೆ ಹೋಗಿ ತಿಂಗಳಾನುಗಟ್ಟಲೆ ಕೂರಲಾರರು. ಪಾಠವೇ ಅವರ ಹತ್ತಿರ ಬರಬೇಕು. ಸಂಜೆ ಹೊತ್ತಿನಲ್ಲಿ, ಇಲ್ಲಿನ ಐಟಿಐ ಕಟ್ಟಡದಲ್ಲಿ, ಕನ್ನಡದಲ್ಲಿ. ಸ್ಕ್ಯಾನರ್ ತೋರಿಸಿದ ಕೋಡನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು, ವೈರಿಂಗ್ ನಕ್ಷೆ ಓದುವುದು ಹೇಗೆ, ಹೊಸ ಇಂಜೆಕ್ಟರ್ ಹಾಕಿದ ಮೇಲೆ ಅದರ ಸಂಖ್ಯೆಯನ್ನು ಕಾರಿನ ಕಂಪ್ಯೂಟರಿಗೆ ತುಂಬುವುದು ಹೇಗೆ, ಇಷ್ಟು ಕಲಿಸಿದರೆ ಸಾಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದು ದೊಡ್ಡ ಖರ್ಚಲ್ಲ. ವಿದ್ಯುತ್ ಮತ್ತು ಸರ್ಕಿಟ್ ಪಾಠಕ್ಕೆ ನಮ್ಮಂಥ ಉಪನ್ಯಾಸಕರು ಸಂಬಳ ಕೇಳದೆ ಬರುತ್ತೇವೆ.

ಇದು ಕಾರು ಇದ್ದವರ ಸೌಖ್ಯದ ಮಾತಷ್ಟೇ ಎಂದು ಯಾರಾದರೂ ತಿಳಿದರೆ ಅಂಜನಾದ್ರಿ ಬೆಟ್ಟಕ್ಕೆ ಒಂದು ಶನಿವಾರ ಬಂದು ನೋಡಲಿ. ಬೆಂಗಳೂರು, ಹೈದರಾಬಾದ್, ಹುಬ್ಬಳ್ಳಿಯ ಕಾರುಗಳು ಬೆಟ್ಟದ ಕೆಳಗೆ, ಪಂಪಾ ಸರೋವರದ ಹಾದಿಯಲ್ಲಿ, ನಮ್ಮ ಕೆರೆಯ ಏರಿಯ ಮೇಲೆ ಸಾಲು ನಿಂತಿರುತ್ತವೆ. ಪೋಲೊ, ಅದೇ ಬಳಗದ ವೆಂಟೊ, ರ‍್ಯಾಪಿಡ್ ಬಹಳ ಇವೆ. ಎಂಜಿನ್ನಿನ ಎಷ್ಟೋ ಭಾಗ ಮೂರಕ್ಕೂ ಒಂದೇ, ಒಂದಕ್ಕೆ ಸಿಗದಿದ್ದರೆ ಇನ್ನೊಂದರ ಹೆಸರಿನಲ್ಲಿ ಹುಡುಕಿದರೆ ಸಿಗುತ್ತದೆ. ಇವುಗಳಲ್ಲೊಂದು ಇಲ್ಲಿ ಕೈಕೊಟ್ಟರೆ ಆ ಕುಟುಂಬ ಕಾರನ್ನು ಹೇರಿಸಿಕೊಂಡು ನೂರಾರು ಕಿಲೋಮೀಟರ್ ಹೋಗಬೇಕೋ, ಗಂಗಾವತಿಯಲ್ಲಿ ರಿಪೇರಿ ಮಾಡಿಸಿ ಇನ್ನೊಂದು ದಿನ ಆನೆಗೊಂದಿಯಲ್ಲಿ ಉಳಿಯಬೇಕೋ? ಎರಡನೆಯದಾದರೆ ಆ ದುಡ್ಡು ನಮ್ಮ ಊರಿನ ಗ್ಯಾರೇಜಿಗೆ, ಖಾನಾವಳಿಗೆ, ತೆಪ್ಪದವರಿಗೆ ಸೇರುತ್ತದೆ.

2010ರಲ್ಲಿ ಬಂದ ಮೊದಲ ಪೋಲೊಗಳಿಗೆ 2025ರಲ್ಲಿ ಹದಿನೈದು ವರ್ಷ ತುಂಬಿತು. ಅಂದಿನಿಂದ ಅವು ಒಂದೊಂದಾಗಿ ನೋಂದಣಿ ನವೀಕರಣಕ್ಕೆ ಬರುತ್ತಿವೆ. ಹದಿನೈದು ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಳೆಯ ಕಾರು ಹೊಗೆ ಉಗುಳಿದರೆ ನಿಲ್ಲಿಸಲಿ, ನನ್ನ ತಕರಾರಿಲ್ಲ. ಆದರೆ ಚೆನ್ನಾಗಿ ಇಟ್ಟುಕೊಂಡ ಕಾರಿಗೆ ಒಂದು ಕಡೆ ಶುಲ್ಕ ಏರಿಸಿ, ಇನ್ನೊಂದು ಕಡೆ ಅದನ್ನು ಚೆನ್ನಾಗಿ ಇಟ್ಟುಕೊಳ್ಳುವ ಮಾಹಿತಿಯನ್ನು ಕಂಪನಿಯ ಕಪಾಟಿನಲ್ಲೇ ಬಿಡುವುದು ನ್ಯಾಯವಲ್ಲ.

ಕೊಪ್ಪಳದ ಸಂಸದರೂ ನಮ್ಮ ಶಾಸಕರೂ ಈ ಪತ್ರಿಕೆ ಓದುತ್ತಾರೆಂದು ನಂಬಿದ್ದೇನೆ. ರಿಪೇರಿ ಹಕ್ಕಿನ ಕಾನೂನು ಸಂಸತ್ತಿಗೆ ಯಾವಾಗ ಬರುತ್ತದೆ, ಅದರಲ್ಲಿ ವಾಹನ ಮತ್ತು ಕೃಷಿ ಯಂತ್ರ ಸೇರಿರುತ್ತವೆಯೇ, ಮಾದರಿಯ ತಯಾರಿಕೆ ನಿಂತ ಮೇಲೆ ಎಷ್ಟು ವರ್ಷ ಬಿಡಿಭಾಗ ಕೊಡಬೇಕೆಂದು ಬರೆಯುತ್ತಾರೆಯೇ ಎಂದು ದಯವಿಟ್ಟು ಅಲ್ಲಿ ಕೇಳಿ. ಕಾರು ಇರುವ ಓದುಗರೂ ಅಷ್ಟೇ: ಭಾಗ ಬದಲಿಸಬೇಕು ಎಂದರೆ ಹಳೆಯ ಭಾಗ ಕೈಗೆ ಕೇಳಿ, ಸ್ಕ್ಯಾನರಿನ ವರದಿ ಕಾಗದದ ಮೇಲೆ ಕೇಳಿ, ಅಂದಾಜು ಪಟ್ಟಿಗೆ ಸಹಿ ಹಾಕುವ ಮುಂಚೆ ನಿಮ್ಮ ಊರಿನ ಮೇಸ್ತ್ರಿಗೆ ಒಂದು ಫೋನು ಮಾಡಿ.